ಟಿವಿಯ ಬೆನ್ನಿಗೆ ಯಾವ ಕೇಬಲ್?

ದುಬಾರಿ ಡಿಜಿಟಲ್ ಕೇಬಲ್ ಹಾಕಿದರೆ ಬಾಸ್ ಗಟ್ಟಿಯಾಗುತ್ತದೆ, ಮಾತು ಸ್ಪಷ್ಟವಾಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಸಾಗರದ ಸುತ್ತಮುತ್ತಲ ಮನೆಗಳಿಗೆ ಹೋಮ್ ಥಿಯೇಟರ್, ಸೌಂಡ್‌ಬಾರ್ ಜೋಡಿಸಿಕೊಡುವುದು ನನ್ನ ಕಸುಬು. ಅಡಿಕೆ ಮಾರಿದ ದುಡ್ಡಿನಲ್ಲಿ ಆಸೆಪಟ್ಟು ತಂದ ಸೆಟ್ಟಿನ ಜೊತೆಗೆ ಸಾವಿರಾರು ರೂಪಾಯಿಯ ಕೇಬಲನ್ನೂ ಹೊತ್ತು ತಂದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದೇ ದುಡ್ಡು ಸ್ಪೀಕರಿಗೆ ಹೋಗಿದ್ದರೆ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು.

ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿಯ ಮಾತು ಬೇರೆ. ಅಲ್ಲಿ ಹರಿಯುವುದು ನಿಜವಾದ ಧ್ವನಿಯ ವಿದ್ಯುತ್ತು. ತಂತಿ ತೆಳ್ಳಗಿದ್ದು ದೂರ ಹೆಚ್ಚಿದ್ದರೆ ಧ್ವನಿ ಸೊರಗುತ್ತದೆ, ಹಾಗಾಗಿ ಅಲ್ಲಿ ದಪ್ಪ ತಾಮ್ರಕ್ಕೆ ಬೆಲೆಯಿದೆ. ಡಿಜಿಟಲ್ ಕೇಬಲಿನಲ್ಲಿ ಹರಿಯುವುದು ಬರೀ ಅಂಕಿ. ಸಿಡಿಯನ್ನೇ ನೋಡಿ: ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆಯುತ್ತಾರೆ. ಎಡ, ಬಲ ಎರಡೂ ಸೇರಿದರೆ ಸೆಕೆಂಡಿಗೆ 14,11,200 ಬಿಟ್. ಕೇಬಲಿನ ಆ ತುದಿಯಲ್ಲಿರುವ ಯಂತ್ರ ಪ್ರತಿಯೊಂದನ್ನೂ ಸೊನ್ನೆಯೋ ಒಂದೋ ಎಂದು ಗುರುತಿಸಿದರೆ ಸಾಕು. ಸಿಗ್ನಲ್ ಸ್ವಲ್ಪ ಮಂಕಾಗಿ ಬಂದರೂ ಸೊನ್ನೆ ಸೊನ್ನೆಯೇ, ಒಂದು ಒಂದೇ. ಗುರುತಿಸಲಾಗದಷ್ಟು ಕೆಟ್ಟರೆ ‘ಟಪ್’ ಎಂಬ ಸದ್ದು ಬರುತ್ತದೆ, ಹಾಡು ನಡುನಡುವೆ ಕಡಿಯುತ್ತದೆ, ಇಲ್ಲವೇ ಧ್ವನಿ ಪೂರ್ತಿ ನಿಂತುಹೋಗುತ್ತದೆ. ಬಾಸ್ ಕಡಿಮೆಯಾಗುವುದು, ಗಾಯಕಿಯ ಕಂಠ ಒರಟಾಗುವುದು ಇತ್ಯಾದಿ ಡಿಜಿಟಲ್ ಕೇಬಲಿನ ಕಾಯಿಲೆಗಳೇ ಅಲ್ಲ. ಬಿಟ್‌ಗಳು ಬರುವ ಹೊತ್ತಿನಲ್ಲಿ ಕೂದಲೆಳೆಯಷ್ಟು ಏರುಪೇರಾಗುವ ‘ಜಿಟ್ಟರ್’ ಇರುವುದು ನಿಜ. ಆದರೆ ಈಗಿನ ರಿಸೀವರುಗಳು ಅದನ್ನು ಒಳಗೇ ಸರಿಪಡಿಸಿಕೊಳ್ಳುತ್ತವೆ.

ಹಾಗಾದರೆ ಯಾವ ಕೇಬಲ್ ಆದರೂ ನಡೆಯುತ್ತದೆಯೇ? ಇಲ್ಲ. ಆರಿಸಬೇಕಾದ್ದು ಕೇಬಲಿನ ಜಾತಿಯನ್ನು. ಟಿವಿಯ ಬೆನ್ನಲ್ಲಿ ಏನೇನು ಸಾಕೆಟ್ ಇದೆ, ಸೌಂಡ್‌ಬಾರ್ ಅಥವಾ ರಿಸೀವರಿನ ಬೆನ್ನಲ್ಲಿ ಏನೇನಿದೆ, ಇಷ್ಟನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ.

ಮೊದಲು ಆಪ್ಟಿಕಲ್. ಸಿಡಿ ಪ್ಲೇಯರುಗಳನ್ನು ರಿಸೀವರಿಗೆ ಸೇರಿಸಲೆಂದು 1983ರಲ್ಲಿ ಜಪಾನಿನ ತೋಶಿಬಾ ಕಂಪನಿ ಇದನ್ನು ತಂದಿತು. ಟೋಸ್‌ಲಿಂಕ್ ಎಂಬ ಹೆಸರು ಬಂದದ್ದು ಹಾಗೆ. ಟಿವಿಯ ಬೆನ್ನಲ್ಲಿ ಪುಟ್ಟ ಚೌಕದ ಬಾಗಿಲು ಇರುತ್ತದೆ, ಅದನ್ನು ಬೆರಳಿನಿಂದ ಒತ್ತಿದರೆ ಒಳಗೆ ಕೆಂಪು ಬೆಳಕು ಕಾಣುತ್ತದೆ. ಆ ಬೆಳಕೇ ಕ್ಷಣಕ್ಕೆ ಲಕ್ಷಾಂತರ ಸಲ ಹತ್ತಿ ಆರಿ ಬಿಟ್‌ಗಳನ್ನು ಸಾಗಿಸುತ್ತದೆ. ಕೇಬಲಿನೊಳಗೆ ಇರುವುದು ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ. ನಾನು ಹೊಸ ಕೇಬಲ್ ಹಾಕುವ ಮುಂಚೆ ಒಂದು ತುದಿಗೆ ಮೊಬೈಲ್ ಟಾರ್ಚ್ ಹಿಡಿದು, ಇನ್ನೊಂದು ತುದಿಯನ್ನು ಮನೆಯವರಿಗೇ ತೋರಿಸುತ್ತೇನೆ. ಸಾಸಿವೆ ಕಾಳಿನಷ್ಟು ಬೆಳಕಿನ ಚುಕ್ಕಿ ಥಳಥಳಿಸಿದರೆ ಕೇಬಲ್ ಚೆನ್ನಾಗಿದೆ. ಮಂಕಾಗಿದ್ದರೆ ಎಲ್ಲೋ ಮಡಿಸಿ ಎಳೆ ಮುರಿದಿದೆ, ಅಥವಾ ತುದಿಯಲ್ಲಿ ಧೂಳು ಕೂತಿದೆ. ‘ಕೇಬಲ್ ಹೊಸದು, ಆದರೂ ಸದ್ದಿಲ್ಲ’ ಎಂದು ಫೋನ್ ಬಂದಾಗ ನಾನು ಮೊದಲು ಕೇಳುವುದು, ತುದಿಯ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆದಿರಾ ಎಂದು. ಸಣ್ಣ, ಪಾರದರ್ಶಕ ಟೊಪ್ಪಿಗೆ ಅದು, ಕಣ್ಣಿಗೇ ಬೀಳುವುದಿಲ್ಲ.

ಆಪ್ಟಿಕಲ್ ಕೇಬಲಿಗೂ ಚಿನ್ನದ ಲೇಪನ ಮಾಡಿ ಮಾರುತ್ತಾರೆ. ಬೆಳಕು ಸಾಗುವ ದಾರಿಯಲ್ಲಿ ಲೋಹಕ್ಕೆ ಕೆಲಸವೇ ಇಲ್ಲ, ಆ ಚಿನ್ನ ಬರೀ ಅಂಚಿನ ಅಲಂಕಾರ. ಲೋಹಕ್ಕೆ ಲೋಹ ತಾಗುವ ಪಿನ್ನುಗಳಲ್ಲಿ ಮಾತ್ರ ಚಿನ್ನ ಉಪಯೋಗಕ್ಕೆ ಬರುತ್ತದೆ. ಕುಂದಾಪುರ, ಕಾರವಾರದಂಥ ಕಡೆ ಉಪ್ಪಿನ ಗಾಳಿಗೆ ಪಿನ್ನು ಕಿಲುಬು ಹಿಡಿಯುತ್ತದೆ, ಅಲ್ಲಿ ತೆಳು ಲೇಪನ ಇದ್ದರೆ ಒಳ್ಳೆಯದು. ಈಗ ಸಾಧಾರಣ ಬೆಲೆಯ ಕೇಬಲಿನಲ್ಲೂ ಅದು ಸಿಗುತ್ತದೆ.

ಆಪ್ಟಿಕಲ್‌ನ ಒಂದು ದೊಡ್ಡ ಗುಣವನ್ನು ನಮ್ಮ ಮಲೆನಾಡಿನವರು ತಿಳಿದಿರಬೇಕು. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಏಟು ಮಾಡಿನ ಡಿಶ್ ಆಂಟೆನಾದಿಂದ ಸೆಟ್ ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಲೋಹದ ಕೇಬಲ್ ಹಿಡಿದು ಆಂಪ್ಲಿಫೈಯರಿಗೆ ಬರುತ್ತದೆ. ನಡುವೆ ಆಪ್ಟಿಕಲ್ ಇದ್ದರೆ ಆ ದಾರಿ ಅಲ್ಲಿಗೇ ಕಡಿಯಿತು. ಟಿವಿ ಸುಟ್ಟುಹೋದ ಮನೆಯಲ್ಲಿ ಆಂಪ್ಲಿಫೈಯರ್ ಉಳಿದದ್ದನ್ನು ಕಂಡಿದ್ದೇನೆ. ಗೋಡೆಯ ಪ್ಲಗ್ಗಿನ ದಾರಿ ಇದ್ದೇ ಇದೆ, ಆದ್ದರಿಂದ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುವ ಅಭ್ಯಾಸ ಬಿಡಬೇಡಿ. ಸ್ಪೀಕರಿನಲ್ಲಿ ಸದಾ ‘ಗುಂಯ್’ ಎನ್ನುವ ಸದ್ದು ಅರ್ತಿಂಗ್ ಗೊಂದಲದಿಂದ ಬರುತ್ತಿದ್ದರೂ ಆಪ್ಟಿಕಲ್ ಹಾಕಿದಾಗ ಎಷ್ಟೋ ಸಲ ನಿಲ್ಲುತ್ತದೆ.

ಎರಡನೆಯದು ಕೊಯಾಕ್ಸಿಯಲ್. ಒಂಟಿ ದುಂಡು ಸಾಕೆಟ್, ಹೆಚ್ಚಾಗಿ ಕಿತ್ತಳೆ ಬಣ್ಣದ್ದು. ಸಾಗಿಸುವುದು ಆಪ್ಟಿಕಲ್‌ ಸಾಗಿಸುವುದನ್ನೇ, ಆದರೆ ತಾಮ್ರದಲ್ಲಿ. ಇದಕ್ಕೆ 75 ಓಮ್‌ನ ಕೇಬಲ್ ಬೇಕು. ಆ ಅಳತೆ ತಪ್ಪಿದರೆ ಸಿಗ್ನಲಿನ ಒಂದು ಪಾಲು ತುದಿಗೆ ಬಡಿದು ಹಿಂದಕ್ಕೆ ಬರುತ್ತದೆ. ಹಳೆಯ ಡಿವಿಡಿ ಪ್ಲೇಯರಿನ ಜೊತೆ ಬಂದ ಹಳದಿ ವಿಡಿಯೊ ಕೇಬಲ್ ಮನೆಯಲ್ಲಿದ್ದರೆ ಅದೂ 75 ಓಮ್‌ನದೇ. ಅದನ್ನೇ ಹಾಕಿ, ದುಡ್ಡು ಉಳಿಸಿ.

ಈ ಎರಡಕ್ಕೂ ಒಂದು ಮಿತಿಯಿದೆ. ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ ಹಳೆಯ ಕಟ್ಟಳೆಯಲ್ಲಿ ಇವು ನಡೆಯುತ್ತವೆ. ಹಿಂಡದ ಶುದ್ಧ ಧ್ವನಿಯಾದರೆ ಎರಡೇ ಚಾನೆಲ್, ಹಿಂಡಿದ್ದಾದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್‌ನ 5.1. ಒಟಿಟಿಯಲ್ಲಿ ಬರುವ ಡಾಲ್ಬಿ ಅಟ್ಮಾಸ್, ಬ್ಲೂ-ರೇಯ ಟ್ರೂಎಚ್‌ಡಿ ಈ ದಾರಿಯಲ್ಲಿ ಹೋಗುವುದಿಲ್ಲ. ಅಟ್ಮಾಸ್ ಸೌಂಡ್‌ಬಾರ್ ಕೊಂಡು ಆಪ್ಟಿಕಲ್‌ನಲ್ಲಿ ಜೋಡಿಸಿದರೆ ಮೇಲಿನ ಸ್ಪೀಕರುಗಳಿಗೆ ಕೊಟ್ಟ ದುಡ್ಡು ಸುಮ್ಮನೆ ಕೂತಿರುತ್ತದೆ. ಹಳೆಯ 5.1 ಸೆಟ್, ಸಿಡಿ, ಕೇಬಲ್ ಚಾನೆಲ್ ಇಷ್ಟೇ ಸಾಕೆನ್ನುವವರಿಗೆ ಇದು ಕೊರತೆಯೇ ಅಲ್ಲ.

ಉಳಿದವರಿಗೆ ಎಚ್‌ಡಿಎಂಐ. ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಈ 19 ಪಿನ್ನಿನ ಕೇಬಲ್ 2002ರ ಕೊನೆಯಲ್ಲಿ ಬಂತು. ಟಿವಿಯಿಂದ ಧ್ವನಿಯನ್ನು ಹಿಂದಕ್ಕೆ ಸೌಂಡ್‌ಬಾರಿಗೆ ಕಳಿಸುವ ಆರ್ಕ್ ವ್ಯವಸ್ಥೆ 2009ರ 1.4 ಆವೃತ್ತಿಯಲ್ಲಿ ಸೇರಿತು. 2017ರ 2.1ರಲ್ಲಿ ಇ-ಆರ್ಕ್ ಬಂತು, ಅದರ ದಾರಿ ಸೆಕೆಂಡಿಗೆ 37 ಮೆಗಾಬಿಟ್‌ನಷ್ಟು ಅಗಲ. ಒಟಿಟಿಯ ಹಿಂಡಿದ ಅಟ್ಮಾಸಿಗೆ ಸಾಮಾನ್ಯವಾಗಿ ಆರ್ಕ್ ಸಾಕು. ಬ್ಲೂ-ರೇಯ ಪೂರ್ತಿ ಧ್ವನಿ ಟಿವಿಯ ಮೂಲಕ ಬರಬೇಕಾದರೆ ಇ-ಆರ್ಕ್ ಬೇಕು, ಅದೂ ಎರಡೂ ತುದಿಯ ಯಂತ್ರಗಳಲ್ಲಿ.

ಮನೆಯ ಹಿರಿಯರಿಗೆ ಆಗುವ ಉಪಕಾರ ನನಗೆ ಇದಕ್ಕಿಂತ ಮುಖ್ಯ. ಆಪ್ಟಿಕಲ್ ಹಾಕಿದರೆ ಟಿವಿಗೊಂದು ರಿಮೋಟ್, ಸೌಂಡ್‌ಬಾರಿಗೊಂದು ರಿಮೋಟ್. ಸಂಜೆಯ ಧಾರಾವಾಹಿಗೆ ಕೂತ ಅಜ್ಜಿ ಕನ್ನಡಕ ಹುಡುಕಿ, ಯಾವ ರಿಮೋಟಿನ ಯಾವ ಗುಂಡಿ ಎಂದು ಒದ್ದಾಡುತ್ತಾರೆ. ಎಚ್‌ಡಿಎಂಐಯಲ್ಲಿ ಸಿಇಸಿ ಎಂಬ ಆಜ್ಞೆಯ ದಾರಿಯೂ ಇದೆ, ಅದನ್ನು ಸೆಟ್ಟಿಂಗಿನಲ್ಲಿ ಆನ್ ಮಾಡಿದರೆ ಟಿವಿ ರಿಮೋಟಿನಲ್ಲೇ ವಾಲ್ಯೂಮ್ ಏರಿಳಿಯುತ್ತದೆ, ಟಿವಿ ಆರಿಸಿದರೆ ಸೌಂಡ್‌ಬಾರೂ ಆರುತ್ತದೆ. ಸಾಕೆಟ್ ಎರಡೂ ಕಡೆ ಇದ್ದರೆ ನಾನು ಎಚ್‌ಡಿಎಂಐಯನ್ನೇ ಹಾಕುವುದು ಇದಕ್ಕಾಗಿ.

ಟಿವಿಯ ಮೂರು-ನಾಲ್ಕು ಎಚ್‌ಡಿಎಂಐ ಸಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ಎ-ಆರ್-ಸಿ (ಅದೇ ಆರ್ಕ್) ಎಂಬ ಮೂರು ಅಕ್ಷರ ಬರೆದಿರುತ್ತದೆ. ಕೇಬಲ್ ಅದಕ್ಕೇ ಹೋಗಬೇಕು. ಆಮೇಲೆ ಟಿವಿಯ ಸೌಂಡ್ ಮೆನುವಿಗೆ ಹೋಗಿ ‘ಪಿಸಿಎಂ’ ಇದ್ದದ್ದನ್ನು ‘ಬಿಟ್‌ಸ್ಟ್ರೀಮ್’, ‘ಆಟೊ’ ಅಥವಾ ‘ಪಾಸ್ ಥ್ರೂ’ ಮಾಡಿ. ಹಿಂದಿನ ಸ್ಪೀಕರುಗಳು ಮಾತಾಡುತ್ತಿಲ್ಲ ಎಂಬ ದೂರಿಗೆ ನಾನು ಕಂಡಷ್ಟು ಮಟ್ಟಿಗೆ ಹೆಚ್ಚಿನ ಸಲ ಕಾರಣ ಈ ಒಂದು ಸೆಟ್ಟಿಂಗ್. ಆಪ್ಟಿಕಲ್‌ನಲ್ಲಿ ಪಿಸಿಎಂ ಎಂದಿಟ್ಟರೆ ಟಿವಿ ಎರಡೇ ಚಾನೆಲ್ ಕಳಿಸುತ್ತದೆ. ಇದಕ್ಕೆ ಹೊಸ ಕೇಬಲ್ ಕೊಳ್ಳುವವರೂ ಇದ್ದಾರೆ, ಕೊಂಡ ಮೇಲೂ ಹಿಂದಿನ ಸ್ಪೀಕರ್ ಮೌನವಾಗಿಯೇ ಇರುತ್ತದೆ.

ಎಚ್‌ಡಿಎಂಐ ಕೊಳ್ಳುವಾಗ ಪೊಟ್ಟಣದ ಮೇಲಿನ ಆವೃತ್ತಿಯ ಸಂಖ್ಯೆಗೆ ಮರುಳಾಗಬೇಡಿ. ಕೇಬಲಿಗೆ ನೋಡಬೇಕಾದ್ದು ವೇಗದ ವರ್ಗ: 4ಕೆ ಟಿವಿಗೆ 18 ಗಿಗಾಬಿಟ್‌ನ ಪ್ರೀಮಿಯಂ ಹೈ ಸ್ಪೀಡ್, ಹೊಸ ಗೇಮ್ ಕನ್ಸೋಲ್ ಅಥವಾ 8ಕೆಗೆ 48 ಗಿಗಾಬಿಟ್‌ನ ಅಲ್ಟ್ರಾ ಹೈ ಸ್ಪೀಡ್. ಪ್ರಮಾಣಿತ ಅಲ್ಟ್ರಾ ಕೇಬಲಿನ ಪೊಟ್ಟಣದ ಮೇಲೆ ಮೊಬೈಲಿನಿಂದ ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದಾದ ಚೀಟಿ ಅಂಟಿಸಿರುತ್ತಾರೆ. ಒಂದೆರಡು ಮೀಟರ್ ದೂರಕ್ಕೆ ಸಾಧಾರಣ ಬೆಲೆಯ ಪ್ರಮಾಣಿತ ಕೇಬಲ್ ಧಾರಾಳ ಸಾಕು.

ದೂರ ಹೆಚ್ಚಾದಾಗಲೇ ನಿಜವಾದ ಯೋಚನೆ ಬೇಕು. ಮಾಮೂಲು ತಾಮ್ರದ ಅಲ್ಟ್ರಾ ಕೇಬಲ್ ನಾಲ್ಕೈದು ಮೀಟರ್ ದಾಟಿದರೆ ಸಿಗ್ನಲ್ ಕುಗ್ಗುತ್ತದೆ. ಅಲ್ಲಿಂದಾಚೆಗೆ ಒಳಗೆ ಬೆಳಕಿನ ಎಳೆ ಇರುವ ಎಚ್‌ಡಿಎಂಐ ಬೇಕು, ಅದಕ್ಕೆ ಖರ್ಚು ಮಾಡುವುದು ತಪ್ಪಲ್ಲ. ಈ ಕೇಬಲಿಗೆ ದಿಕ್ಕಿದೆ. ‘ಡಿಸ್‌ಪ್ಲೇ’ ಎಂದು ಬರೆದ ತುದಿ ಟಿವಿಗೇ ಹೋಗಬೇಕು, ಧ್ವನಿ ಟಿವಿಯಿಂದ ಹಿಂದಕ್ಕೆ ಬರುವುದಾದರೂ ಸರಿ. ಇ-ಆರ್ಕ್ ನಡೆಯುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಓದಿಕೊಳ್ಳಿ.

ಮನೆ ಕಟ್ಟುತ್ತಿರುವವರು ನನ್ನನ್ನು ಪ್ಲಾಸ್ಟರಿಂಗ್ ಮುಗಿದ ಮೇಲೆ ಕರೆಯುತ್ತಾರೆ. ಅದಕ್ಕೆ ಮುಂಚೆ ಕರೆದರೆ ಎಷ್ಟು ಚೆನ್ನ! ಲೈಟಿನ ತಂತಿಗೆ ಹಾಕುವ ಮುಕ್ಕಾಲಿಂಚಿನ ಪೈಪಿನಲ್ಲಿ ಎಚ್‌ಡಿಎಂಐಯ ತಲೆ ಸಲೀಸಾಗಿ ತೂರುವುದಿಲ್ಲ, ಮೂಲೆಯ ಚೂಪು ಎಲ್ಬೋದಲ್ಲಿ ಆಪ್ಟಿಕಲ್ ಎಳೆ ಮುರಿಯುತ್ತದೆ. ಟಿವಿ ಬರುವ ಗೋಡೆಯಿಂದ ರಿಸೀವರ್ ಇಡುವ ಕಡೆಗೆ ಎರಡಿಂಚಿನ ಪೈಪು ಹಾಕಿಸಿ, ತಿರುವಿನಲ್ಲಿ ಎಲ್ಬೋ ಬದಲು ಉದ್ದದ ಬೆಂಡ್ ಬಳಸಲು ಹೇಳಿ, ಕರೆಂಟಿನ ತಂತಿಗೆ ಬೇರೆ ಪೈಪು ಇರಲಿ. ಗಾರೆ ಮೆತ್ತುವ ಮುಂಚೆ ಪೈಪಿನೊಳಗೆ ಒಂದು ಗಟ್ಟಿ ನೈಲಾನ್ ದಾರ ಹಾಯಿಸಿ, ಎರಡೂ ತುದಿಯಲ್ಲಿ ಗಂಟು ಹಾಕಿ ಬಿಟ್ಟಿರಿ. ಹತ್ತು ವರ್ಷದ ಮೇಲೆ ಯಾವ ಹೊಸ ಕೇಬಲ್ ಬಂದರೂ ಆ ದಾರಕ್ಕೆ ಕಟ್ಟಿ ಎಳೆದುಕೊಳ್ಳಬಹುದು.