ಗೂಡಿನಲ್ಲಿಟ್ಟ ಕಂಪ್ಯೂಟರಿಗೂ ಗಾಳಿ ಬೇಕು

ಹೊಸಕೋಟೆ ಕಡೆಯ ನಮ್ಮ ತೋಟದ ಮನೆಯಲ್ಲಿ ಜಾಗ ಕಮ್ಮಿ. ಗುಲಾಬಿ ಲೆಕ್ಕಕ್ಕೆಂದು ಕೊಂಡ ಪುಟ್ಟ ಕಂಪ್ಯೂಟರನ್ನು ಗೋಡೆಯ ಗೂಡಿನಲ್ಲಿಟ್ಟು, ಇಲಿ, ಧೂಳಿನ ಭಯಕ್ಕೆ ಹಲಗೆ ಬಾಗಿಲೂ ಹಾಕಿಸಿದೆ. ಏಪ್ರಿಲ್‌ನಲ್ಲೊಂದು ಮಧ್ಯಾಹ್ನ ಬರೆಯುತ್ತಿದ್ದಂತೆ ತಾನೇ ಆರಿತು. ಉಳಿಸದಿದ್ದ ಎರಡು ದಿನದ ಲೆಕ್ಕ ಹೋಯ್ತು.

ಯಂತ್ರದ ತಪ್ಪಲ್ಲ. ಒಳಗಿನ ಫ್ಯಾನು ದೂಡಿದ ಬಿಸಿಗಾಳಿಯನ್ನೇ ಮುಚ್ಚಿದ ಗೂಡಿನಲ್ಲಿ ಮತ್ತೆ ಎಳ್ಕೊಳ್ಳುತ್ತೆ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಮೊದಲು ವೇಗ ತಗ್ಗಿಸುತ್ತೆ. ಇನ್ನೂ ಕಾದರೆ, ಸುಟ್ಟುಹೋಗದಿರಲೆಂದು ಆರಿಕೊಳ್ಳುತ್ತೆ.

ಬಿಸಿಗಾಳಿ ಮೇಲೇರುತ್ತೆಂದು ಒಲೆ ಹೊಗೆ ಕಂಡವರಿಗೆ ಹೇಳಬೇಕೇ? ಬಾಗಿಲ ಕೆಳಗೊಂದು, ಮೇಲೊಂದು ನಾಲ್ಕೂವರೆ ಇಂಚಿನ ಕಿಂಡಿ ಕೊರೆದು, ಇಲಿ ನುಗ್ಗದಂತೆ ತಂತಿ ಜಾಲರಿ ಬಡಿದೆ. ಮೇಲಿನದಕ್ಕೆ 12 ವೋಲ್ಟಿನ, 120 ಮಿಲಿಮೀಟರ್ ಫ್ಯಾನು, ಗಾಳಿ ಹೊರಮುಖಕ್ಕೆ. ನಾನು ಮೊದಲು ತಿರುಗಾಮುರುಗಾ ಕೂರಿಸಿದ್ದೆ! ಊದುಬತ್ತಿ ಹಿಡಿದರೆ ಗೊತ್ತಾಗುತ್ತೆ. ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಅಡಾಪ್ಟರೂ ಬಿಸಿಯಾಗುವುದರಿಂದ ಅದು ಗೂಡಿನ ಹೊರಗಿರಲಿ.

ರಾಗಿ ಒಕ್ಕಣೆ ಕಾಲದಲ್ಲಿ ಜಾಲರಿಗೆ ಹೊಟ್ಟು ಕಟ್ಟುತ್ತೆ, ವಾರಕ್ಕೊಮ್ಮೆ ಬ್ರಷ್ಷಿನಿಂದ ತೆಗೆಯುತ್ತೇನೆ. ಒಳಗಿನ ಫ್ಯಾನಾದರೆ ಕರೆಂಟು ತೆಗೆದು, ರೆಕ್ಕೆ ತಿರುಗದಂತೆ ಹಿಡಿದು ಒರೆಸಬೇಕು.

ಗೂಡೇ ಇಲ್ಲದವರು ಮಾನಿಟರಿನ ಬೆನ್ನಿಗೆ ಬಿಗಿಯಬಹುದು. ಅನೇಕ ಮಾನಿಟರುಗಳಲ್ಲಿ 75 ಅಥವಾ 100 ಮಿಲಿಮೀಟರ್ ಅಂತರದ ನಾಲ್ಕು ತೂತುಗಳಿರುತ್ತವೆ. ಗೋಡೆಗೆ ಒತ್ತಿಡಬೇಡಿ, ಅಷ್ಟೆ.