ಉಂಡ ಅನ್ನ ಮೈಗೆ ಹತ್ತಬೇಕಾದರೆ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ಕನ್ನಡದ ಹಳೆಯ ಗಾದೆ. ಉಣ್ಣುವುದು ಎಲ್ಲರಿಗೂ ಬರುತ್ತದೆ. ಊಟವನ್ನು ಬಲ್ಲವರು ವಿರಳ. ತಿನ್ನುವ ಪದಾರ್ಥದಲ್ಲಿ ಏನಿದೆ? ಹೊಲದಿಂದ ತಟ್ಟೆಗೆ ಬರುವಷ್ಟರಲ್ಲಿ ಅದು ಏನನ್ನು ಕಳೆದುಕೊಂಡಿದೆ, ಏನನ್ನು ಸೇರಿಸಿಕೊಂಡಿದೆ? ಉಣ್ಣುವವನ ದೇಹಕ್ಕೆ ಅದು ಒಗ್ಗುತ್ತದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಅರಿತವನೇ ಊಟ ಬಲ್ಲವನು.

ಈ ಅರಿವನ್ನು ಅರಸಿ ದೂರ ಹೋಗಬೇಕಾದುದಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರ, ಬಣ್ಣದ ಬೊಂಬೆಗಳ ಚನ್ನಪಟ್ಟಣ, ಕಾವೇರಿ ಅರ್ಕಾವತಿಗಳು ಕೂಡುವ ಸಂಗಮವನ್ನು ಒಳಗೊಂಡ ಕನಕಪುರ, ಸಾವನದುರ್ಗದ ಬೆಟ್ಟವಿರುವ ಮಾಗಡಿ - ಈ ನಾಲ್ಕು ತಾಲ್ಲೂಕುಗಳೂ ರಾಗಿಯ ಸೀಮೆಗೆ ಸೇರಿದವು. ಮಳೆಯನ್ನೇ ನಂಬಿದ ಕೆಮ್ಮಣ್ಣಿನ ಹೊಲಗಳಲ್ಲಿ ಇಲ್ಲಿಯ ರೈತರು ರಾಗಿಯ ನಡುವೆ ಅಕ್ಕಡಿ ಸಾಲುಗಳನ್ನು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಬಿತ್ತುವ ವಾಡಿಕೆಯನ್ನು ಬೆಳೆಸಿಕೊಂಡು ಬಂದರು. ಮಳೆ ಕೈಕೊಟ್ಟು ಒಂದು ಬೆಳೆ ಸೋತರೂ ಇನ್ನೊಂದು ಮನೆಯನ್ನು ಕಾಯುತ್ತಿದ್ದಿತು. ಹೊಲದಲ್ಲಿ ಜೊತೆಯಾಗಿ ಬೆಳೆದವು ಊಟದಲ್ಲಿಯೂ ಜೊತೆಯಾದವು. ಮುದ್ದೆಗೆ ಅವರೆಕಾಳಿನ ಸಾರು, ಸೊಪ್ಪು ಕಾಳುಗಳ ಬಸ್ಸಾರು, ಹುಚ್ಚೆಳ್ಳಿನ ಚಟ್ನಿ ಇವು ಸಹಜವಾದ ಸಂಗಾತಿಗಳು. ಧಾನ್ಯದ ಸಸಾರಜನಕದಲ್ಲಿ ಕೊರತೆಯಾಗುವ ಲೈಸೀನ್ ಎಂಬ ಅಂಶವನ್ನು ಬೇಳೆಕಾಳುಗಳು ತುಂಬಿಕೊಡುತ್ತವೆ ಎಂಬುದನ್ನು ವಿಜ್ಞಾನವು ಬಹುಕಾಲದ ಮೇಲೆ ಕಂಡುಕೊಂಡಿತು. ರೈತನ ಮನೆಯ ಊಟದಲ್ಲಿ ಅದು ಆಗಲೇ ನೆಲೆಗೊಂಡಿದ್ದಿತು.

ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ತಮ್ಮಲ್ಲಿ ಯಾರು ಮೇಲೆಂಬ ಕಲಹವುಂಟಾಗುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಪರೀಕ್ಷಿಸುತ್ತಾನೆ; ಕೆಡದೆ ಉಳಿದ ರಾಗಿಗೆ ಮನ್ನಣೆ ದೊರೆಯುತ್ತದೆ. ಕವಿಯ ಕಲ್ಪನೆಯ ಹಿಂದೆ ಸತ್ಯವೊಂದಿದೆ. ರಾಗಿಯನ್ನು ಚೆನ್ನಾಗಿ ಒಣಗಿಸಿ ನೆಲದೊಳಗಿನ ಹಗೇವುಗಳಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡುವುದು ಈ ನಾಡಿನ ಪದ್ಧತಿಯಾಗಿದ್ದಿತು. ಇನ್ನು ಸತ್ತ್ವದ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ; ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ರಾಗಿಯಲ್ಲಿ ನಾರಿನ ಅಂಶ ಸುಮಾರು 11 ಗ್ರಾಂ. ಬಿಳಿ ಅಕ್ಕಿಯಲ್ಲಿಯೂ ಮೈದಾದಲ್ಲಿಯೂ ಅದು 3 ಗ್ರಾಂಗಿಂತ ಕಡಿಮೆ.

ಈ ಅಂತರಕ್ಕೆ ಧಾನ್ಯಗಳ ಜಾತಿಯಷ್ಟೇ ಅಲ್ಲದೆ ಅವುಗಳಿಗೆ ನಡೆಯುವ ಸಂಸ್ಕಾರವೂ ಕಾರಣ. ರಾಗಿಯ ಕಾಳು ಬಹು ಸಣ್ಣದು. ಅದರ ಸಿಪ್ಪೆ ಒಳಗಿನ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಆದುದರಿಂದ ರಾಗಿಯನ್ನು ಇಡಿಯಾಗಿಯೇ ಬೀಸುವುದು ರೂಢಿ. ಅಕ್ಕಿ ಗೋಧಿಗಳ ವಿಷಯ ಹಾಗಲ್ಲ. ಗಿರಣಿಯಲ್ಲಿ ಅವುಗಳ ತೌಡನ್ನೂ ಮೊಳಕೆಯ ಭಾಗವನ್ನೂ ಸುಲಭವಾಗಿ ತೆಗೆದುಹಾಕಬಹುದು. ಅದರಿಂದ ಧಾನ್ಯವು ನೋಡಲು ಬೆಳ್ಳಗೆ, ತಿನ್ನಲು ಮೃದುವಾಗಿ, ಬಹುದಿನ ಕೆಡದಂತೆ ಆಗುತ್ತದೆ; ಆದರೆ ನಾರು, ಖನಿಜ, ಜೀವಸತ್ತ್ವಗಳ ಬಹುಪಾಲು ತೌಡಿನೊಡನೆ ಹೊರಟುಹೋಗುತ್ತದೆ.

ಈ ನಷ್ಟದ ಬೆಲೆ ಎಷ್ಟೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟುದು ಜಾವಾ ದ್ವೀಪದಲ್ಲಿ ನಡೆದ ಒಂದು ಸಂಶೋಧನೆ. ಅಲ್ಲಿ ಬೆರಿಬೆರಿ ಎಂಬ ರೋಗವು ಜನರ ಕೈಕಾಲುಗಳ ಬಲವನ್ನು ಕುಂದಿಸಿ ಪ್ರಾಣವನ್ನೂ ಹೀರುತ್ತಿದ್ದಿತು. 1890ರ ದಶಕದಲ್ಲಿ ಕ್ರಿಸ್ತಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯನು, ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳಿಗೆ ಇಂಥದೇ ರೋಗ ಬರುವುದನ್ನೂ, ತೌಡಿರುವ ಅಕ್ಕಿಯನ್ನು ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಕಂಡನು. ತೌಡಿನಲ್ಲಿದ್ದ ಆ ರಕ್ಷಕ ವಸ್ತುವೇ ಇಂದು ಬಿ-1 ಜೀವಸತ್ತ್ವವೆಂದು ಹೆಸರಾಗಿದೆ. ಈ ಕಾರ್ಯಕ್ಕಾಗಿ ಅವನಿಗೆ 1929ರಲ್ಲಿ ನೊಬೆಲ್ ಪಾರಿತೋಷಕದ ಗೌರವ ಸಂದಿತು. ಹೊಟ್ಟೆ ತುಂಬ ಉಂಡೂ ದೇಹ ಸೊರಗಬಹುದೆಂಬ ಪಾಠವನ್ನು ಆ ಕೋಳಿಗಳು ಕಲಿಸಿದವು.

ಹಾಗೆಂದ ಮಾತ್ರಕ್ಕೆ ಆಹಾರಕ್ಕೆ ಮಾಡುವ ಸಂಸ್ಕಾರವೆಲ್ಲವೂ ಕೆಟ್ಟುದೆಂದು ತಿಳಿಯಬಾರದು. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತುವು ಕಬ್ಬಿಣ ಮತ್ತು ಕ್ಯಾಲ್ಸಿಯಂ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದಾಗಲೂ, ಹಿಟ್ಟನ್ನು ಹುಳಿ ಬರಿಸಿದಾಗಲೂ ಈ ತಡೆ ತಗ್ಗುತ್ತದೆ. ಮೊಳಕೆ ಬರಿಸಿ ಒಣಗಿಸಿ ಮಾಡಿದ ರಾಗಿಯ ಹಿಟ್ಟು, ಹುಳಿ ಬಂದ ಅಂಬಲಿ, ಹೆಪ್ಪು ಹಾಕಿದ ಮೊಸರು ಇವೆಲ್ಲವೂ ಸಂಸ್ಕರಿಸಿದ ಆಹಾರಗಳೇ. ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಕುಸುಬಲಕ್ಕಿಯಲ್ಲಿ ತೌಡಿನ ಬಿ-1 ಸ್ವಲ್ಪಮಟ್ಟಿಗೆ ಕಾಳಿನ ಒಳಕ್ಕೆ ಇಳಿದು ಉಳಿದುಕೊಳ್ಳುತ್ತದೆ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಇಂಥ ಹಿತಕರವಾದ ಸಂಸ್ಕರಣ ವಿಧಾನಗಳನ್ನು ಶೋಧಿಸುವುದರಲ್ಲಿ ತೊಡಗಿದೆ. ಆದುದರಿಂದ ಕೇಳಬೇಕಾದ ಪ್ರಶ್ನೆ, ಸಂಸ್ಕರಣವು ಆಹಾರದ ಸತ್ತ್ವವನ್ನು ಹೆಚ್ಚಿಸಿತೋ ಅಥವಾ ಅದನ್ನು ಕಳೆದು ರುಚಿಯನ್ನಷ್ಟೇ ಉಳಿಸಿತೋ ಎಂಬುದು.

ಬೆಂಗಳೂರು ಮೈಸೂರು ಹೆದ್ದಾರಿಯ ಇಕ್ಕೆಲದ ಅಂಗಡಿಗಳಲ್ಲಿಯೂ, ಒಳಗಿನ ಹಳ್ಳಿಗಳ ಪೆಟ್ಟಿಗೆ ಅಂಗಡಿಗಳಲ್ಲಿಯೂ ಇಂದು ತೂಗುವ ಹೊಳೆಯುವ ಪೊಟ್ಟಣಗಳು ಈ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ಕಾರ್ಖಾನೆಯಲ್ಲಿ ತಯಾರಾಗುವ ಇಂಥ ತಿಂಡಿಗಳಲ್ಲಿ ಮೈದಾ ಅಥವಾ ಪಿಷ್ಟ, ಎಣ್ಣೆ, ಸಕ್ಕರೆ, ಉಪ್ಪುಗಳೇ ಬಹುಪಾಲು. ಅವುಗಳೊಡನೆ ಕೃತಕ ಬಣ್ಣ, ಪರಿಮಳ, ರುಚಿವರ್ಧಕಗಳು ಸೇರುತ್ತವೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಇಪ್ಪತ್ತು ಜನರ ಮೇಲೆ ನಡೆದ ಪ್ರಯೋಗವೊಂದು ಪ್ರಕಟವಾಯಿತು. ಅವರಿಗೆ ಎರಡು ವಾರ ಇಂಥ ಕಾರ್ಖಾನೆಯ ಆಹಾರವನ್ನೂ ಎರಡು ವಾರ ಸಹಜ ಆಹಾರವನ್ನೂ ಮನಬಂದಷ್ಟು ತಿನ್ನಲು ಬಿಡಲಾಗಿದ್ದಿತು. ಬಡಿಸಿದ ಊಟದ ಸಕ್ಕರೆ, ಕೊಬ್ಬು, ಉಪ್ಪು, ನಾರುಗಳು ಎರಡರಲ್ಲಿಯೂ ಸಮವಾಗಿದ್ದರೂ, ಕಾರ್ಖಾನೆಯ ಆಹಾರವನ್ನು ಉಂಡಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ತಿಂದರು. ಎರಡೇ ವಾರಗಳಲ್ಲಿ ಸರಾಸರಿ ಸುಮಾರು ಒಂದು ಕಿಲೋಗ್ರಾಂ ತೂಕ ಏರಿತು. ಅತಿಯಾಗಿ ಸಂಸ್ಕರಿಸಿದ ಆಹಾರವು 'ಸಾಕು' ಎಂಬ ಒಳಗಿನ ಮಾತನ್ನು ಕೇಳಗೊಡದೆ ಹೆಚ್ಚು ತಿನ್ನಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕನು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ತಿನ್ನಬೇಕು. ಅದು ಒಂದು ಟೀ ಚಮಚಕ್ಕಿಂತ ಕಡಿಮೆ. ಮಿತಿ ಮೀರಿದ ಉಪ್ಪು ರಕ್ತದ ಒತ್ತಡವನ್ನು ಏರಿಸುತ್ತದೆ. ಸಕ್ಕರೆ ಹಾಗೂ ಕೊಬ್ಬಿನ ಆಧಿಕ್ಯವು ಸ್ಥೂಲಕಾಯಕ್ಕೂ ಮಧುಮೇಹಕ್ಕೂ ದಾರಿ ಮಾಡುತ್ತದೆ. ಭಾರತದ ಒಟ್ಟು ರೋಗಭಾರದಲ್ಲಿ ಶೇಕಡಾ 56.4ರಷ್ಟು ಅನಾರೋಗ್ಯಕರ ಆಹಾರಕ್ರಮದಿಂದ ಉಂಟಾದುದೆಂದು, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ತಿಳಿಸುತ್ತದೆ.

ಆಹಾರದ ದೋಷದಿಂದ ಬರುವ ಕೇಡು ಇದಾದರೆ, ಆಹಾರವು ನಿರ್ದೋಷವಾಗಿದ್ದೂ ದೇಹಕ್ಕೆ ಒಗ್ಗದೆ ಬರುವ ತೊಂದರೆ ಇನ್ನೊಂದು ಬಗೆಯದು. ಹಾಲು ಇದಕ್ಕೆ ಒಳ್ಳೆಯ ಉದಾಹರಣೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವವಿರಬೇಕು. ಎಳೆಯ ಮಕ್ಕಳಲ್ಲಿ ಅದು ಹೇರಳವಾಗಿರುತ್ತದೆ. ಪ್ರಪಂಚದ ಬಹುಪಾಲು ಜನರಲ್ಲಿ ಬಾಲ್ಯ ಕಳೆದಂತೆ ಕುಂದುತ್ತದೆ. ಆಗ ಅರಗದ ಲ್ಯಾಕ್ಟೋಸ್ ದೊಡ್ಡ ಕರುಳನ್ನು ಸೇರಿ, ಅಲ್ಲಿಯ ಬ್ಯಾಕ್ಟೀರಿಯಾಗಳಿಂದ ಹುಳಿತು ವಾಯುವನ್ನುಂಟುಮಾಡುತ್ತದೆ. ಹೊಟ್ಟೆಯುಬ್ಬರ, ನುಲಿತ, ಭೇದಿಗಳು ಕಾಣಿಸಿಕೊಳ್ಳುತ್ತವೆ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯು 2013ರಲ್ಲಿ ಆರಂಭವಾಯಿತು. ಅದು ಅನೇಕ ಮಕ್ಕಳಿಗೆ ಪುಷ್ಟಿ ನೀಡಿದೆ. ಆದರೆ ಹಾಲು ಕುಡಿದಾಗಲೆಲ್ಲ ಹೊಟ್ಟೆನೋವೆನ್ನುವ ಸಹಪಾಠಿಯನ್ನು ನೆಪಗಾರನೆಂದು ಹಾಸ್ಯ ಮಾಡುವುದು ತರವಲ್ಲ. ಅಂಥವರಲ್ಲಿ ಅನೇಕರಿಗೆ ಸ್ವಲ್ಪ ಹಾಲು ಒಗ್ಗುತ್ತದೆ. ಮೊಸರು ಇನ್ನೂ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ಮೊದಲೇ ಆಮ್ಲವಾಗಿ ಮಾರ್ಪಡಿಸಿರುತ್ತವೆ. ಕ್ಯಾಲ್ಸಿಯಂ ಒದಗಿಸಲು ರಾಗಿಯಂತೂ ಇದ್ದೇ ಇದೆ.

ಗೋಧಿಯ ಕಥೆ ಇದಕ್ಕಿಂತ ಗಂಭೀರವಾದುದು. ಕೆಲವು ಮಕ್ಕಳು ಚೆನ್ನಾಗಿ ಉಂಡರೂ ಭೇದಿಯಿಂದ ನರಳಿ ಬೆಳವಣಿಗೆ ಕುಂಠಿತರಾಗುತ್ತಿದ್ದರು. ಇದಕ್ಕೆ ಗೋಧಿಯೇ ಕಾರಣವಿರಬೇಕೆಂದು ವಿಲ್ಲೆಮ್ ಡಿಕ್ಕೆ ಎಂಬ ಡಚ್ ಮಕ್ಕಳ ವೈದ್ಯನು ಶಂಕಿಸಿದ್ದನು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ ನೆದರ್‌ಲೆಂಡ್ಸ್ ದೇಶವನ್ನು ಕ್ಷಾಮವು ಆವರಿಸಿ ರೊಟ್ಟಿ ದುರ್ಲಭವಾದಾಗ ಇಂಥ ಮಕ್ಕಳು ಚೇತರಿಸಿಕೊಂಡರು. ರೊಟ್ಟಿ ಮರಳಿ ಬಂದಾಗ ರೋಗವೂ ಮರಳಿತು. ಅವನ ಶಂಕೆ ದೃಢವಾಯಿತು. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಸಸಾರಜನಕಕ್ಕೆ ಅಂಥವರ ದೇಹದ ರಕ್ಷಣಾವ್ಯವಸ್ಥೆಯು ಕೆರಳಿ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಇದಕ್ಕೆ ಸೀಲಿಯಾಕ್ ರೋಗವೆಂದು ಹೆಸರು. ರಾಗಿ, ಅಕ್ಕಿ, ಜೋಳಗಳಲ್ಲಿ ಗ್ಲುಟೆನ್ ಇಲ್ಲ. ಬೆರಕೆಯಿಲ್ಲದ ಮುದ್ದೆಯನ್ನು ಈ ರೋಗಿಗಳು ನಿಶ್ಚಿಂತೆಯಿಂದ ಉಣ್ಣಬಹುದು.

ಮೂರನೆಯದು ಅಲರ್ಜಿ. ಕಡಲೆಕಾಯಿ, ಮೊಟ್ಟೆ, ಮೀನು, ಹಾಲು ಮೊದಲಾದುವುಗಳಲ್ಲಿ ಯಾವುದೋ ಒಂದು ಕೆಲವರಿಗೆ ಅಲ್ಪಪ್ರಮಾಣದಲ್ಲಿ ಸೇರಿದರೂ ಮೈಮೇಲೆ ದದ್ದು, ತುಟಿಯ ಊತ, ಉಸಿರಾಟದ ಕಷ್ಟ ಉಂಟಾಗಬಹುದು. ಉಸಿರು ಕಟ್ಟುವಂತಾದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 'ಸ್ವಲ್ಪ ತಿಂದರೆ ಏನಾಗುತ್ತದೆ?' ಎಂದು ಅಂಥವರನ್ನು ಒತ್ತಾಯಪಡಿಸುವುದು ಉಪಚಾರವಲ್ಲ, ಅಪಾಯ.

ಹೊಟ್ಟೆನೋವೊಂದಕ್ಕೆ ಇಷ್ಟು ಬಗೆಯ ಕಾರಣಗಳಿರುವುದರಿಂದ ಅವಸರದ ತೀರ್ಮಾನ ಸಲ್ಲದು. ಏನನ್ನು ತಿಂದಾಗ, ಎಷ್ಟು ಹೊತ್ತಿಗೆ, ಯಾವ ತೊಂದರೆ ಕಾಣಿಸಿತೆಂಬುದನ್ನು ಕೆಲವು ದಿನ ಬರೆದಿಟ್ಟು ವೈದ್ಯರಿಗೆ ತೋರಿಸುವುದು ಸರಿಯಾದ ಕ್ರಮ. ತಾವಾಗಿಯೇ ಹಾಲನ್ನೋ ಗೋಧಿಯನ್ನೋ ಬಿಟ್ಟುಬಿಟ್ಟರೆ ಬೆಳೆಯುವ ದೇಹಕ್ಕೆ ಬೇಕಾದ ಪೋಷಣೆ ತಪ್ಪಬಹುದು; ರೋಗವನ್ನು ಗುರುತಿಸುವ ಪರೀಕ್ಷೆಯೂ ದಾರಿ ತಪ್ಪಬಹುದು. ರಾಗಿಯನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸುವುದೂ ತಪ್ಪೇ. ಮುದ್ದೆಯಲ್ಲಿಯೂ ಪಿಷ್ಟವೇ ಹೆಚ್ಚು. ಮಧುಮೇಹಿಗಳಿಗೆ ಅದರ ಗಾತ್ರದಲ್ಲಿ ಮಿತಿ ಬೇಕು, ಜೊತೆಗೆ ಸೊಪ್ಪು ಕಾಳುಗಳೂ ಬೇಕು.

ಪೊಟ್ಟಣದ ಆಹಾರವನ್ನು ಕೊಳ್ಳುವವನಿಗೆ ಕಾನೂನು ಒಂದು ಆಸರೆಯನ್ನು ಒದಗಿಸಿದೆ. ಅದರಲ್ಲಿ ಬಳಸಿದ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. 2020ರ ನಿಯಮಗಳಂತೆ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಮೊದಲಾದ ಅಲರ್ಜಿಕಾರಕಗಳಿದ್ದರೆ ಅದನ್ನು ಸ್ಪಷ್ಟವಾಗಿ ಸಾರಬೇಕು. ಮುಂಬದಿಯಲ್ಲಿ ರಾಗಿಯ ತೆನೆಯ ಚಿತ್ರವಿರುವ ಬಿಸ್ಕತ್ತಿನ ಹಿಂಬದಿಯಲ್ಲಿ ಮೊದಲ ಹೆಸರು ಮೈದಾ ಎಂದೂ, ಮುಂದಿನದು ಸಕ್ಕರೆ ಎಂದೂ ಇದ್ದರೆ, ಅದು ಹೆಸರಿಗೆ ಮಾತ್ರ ರಾಗಿಯ ಬಿಸ್ಕತ್ತು. ಆದರೆ ಈ ವಿವರಗಳು ಸಣ್ಣ ಅಕ್ಷರಗಳಲ್ಲಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಇರುತ್ತವೆ. ಎಷ್ಟೋ ಮನೆಗಳಲ್ಲಿ ಅವನ್ನು ಓದಬಲ್ಲವರು ಶಾಲೆಗೆ ಹೋಗುವ ಮಕ್ಕಳು ಮಾತ್ರ. ಮಧುಮೇಹವಿರುವ ಅಜ್ಜಿಗೂ, ರಕ್ತದ ಒತ್ತಡವಿರುವ ತಂದೆಗೂ, ಕಡಲೆಕಾಯಿ ಒಗ್ಗದ ತಮ್ಮನಿಗೂ ಅದನ್ನು ಓದಿ ಹೇಳುವ ಹೊಣೆ ಆ ಮಕ್ಕಳದು. ಹೊಲದ ಅಕ್ಕಡಿ ಸಾಲನ್ನು ಹಿರಿಯರು ಓದಿ ತಿಳಿದಂತೆ ಪೊಟ್ಟಣದ ಹಿಂಬದಿಯನ್ನು ಕಿರಿಯರು ಓದಿ ತಿಳಿದಾಗ, ಉಂಡ ಅನ್ನವು ಮನೆಯವರೆಲ್ಲರ ಮೈಗೆ ಹತ್ತುತ್ತದೆ.