ಕರುಳಿನ ಉರಿಯೂತ: ಮಕ್ಕಳ ತಲೆನೋವನ್ನು ಕಡೆಗಣಿಸದಿರಿ

ಕ್ರೋನ್ಸ್ ಕಾಯಿಲೆ ಹಾಗೂ ಅಲ್ಸರೇಟಿವ್ ಕೊಲೈಟಿಸ್ ಕರುಳಿನಲ್ಲಿ ದೀರ್ಘಕಾಲ ಉರಿಯೂತವನ್ನುಂಟುಮಾಡುವ ರೋಗಗಳು. ಹೊಟ್ಟೆನೋವು, ರಕ್ತಮಿಶ್ರಿತ ಭೇದಿ, ತೂಕ ಇಳಿಕೆ, ಕುಂಠಿತ ಬೆಳವಣಿಗೆ ಮಕ್ಕಳಲ್ಲಿ ಇವುಗಳ ಪ್ರಮುಖ ಲಕ್ಷಣಗಳು. ವಿರಳವಾಗಿ ಇವು ಮೆದುಳು ಮತ್ತು ನರಗಳನ್ನೂ ಬಾಧಿಸುತ್ತವೆ.

ಮೆದುಳಿನಲ್ಲಿ ಹೆಪ್ಪು

ಉರಿಯೂತ ಉಲ್ಬಣಿಸಿದಾಗ ರಕ್ತವು ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಭೇದಿಯಿಂದ ದೇಹದ ನೀರಿನಂಶ ಕುಸಿದರೆ ಅಪಾಯ ಇನ್ನಷ್ಟು. ಮೆದುಳಿನಿಂದ ರಕ್ತವನ್ನು ಮರಳಿಸುವ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದರೆ ಬಿಡದ ತಲೆನೋವು, ವಾಂತಿ, ಮಂಜಾದ ದೃಷ್ಟಿ, ಅಪಸ್ಮಾರ ಅಥವಾ ಒಂದು ಬದಿಯ ಕೈಕಾಲಿನಲ್ಲಿ ಬಲಹೀನತೆ ಕಾಣಿಸಬಹುದು. ಅಭಿಧಮನಿಗಳನ್ನು ತೋರಿಸುವ ಎಂ.ಆರ್.ಐ. ಪರೀಕ್ಷೆಯಿಂದ ಇದನ್ನು ಪತ್ತೆಹಚ್ಚುತ್ತಾರೆ. ಮಲದಲ್ಲಿ ರಕ್ತ ಹೋಗುತ್ತಿದ್ದರೂ ಹೆಪ್ಪುಗಟ್ಟುವಿಕೆ ತಡೆಯುವ ಔಷಧ ನೀಡಬೇಕಾದೀತು. ಆದ್ದರಿಂದ ತಜ್ಞರ ನಿಗಾ ಅನಿವಾರ್ಯ.

ನರಗಳ ದೌರ್ಬಲ್ಯ

ಬಿ12 ಜೀವಸತ್ವವನ್ನು ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗ. ಕ್ರೋನ್ಸ್ ಹೆಚ್ಚಾಗಿ ಬಾಧಿಸುವುದೂ ಅದನ್ನೇ. ಕೊರತೆ ಮುಂದುವರಿದರೆ ಪಾದಗಳಲ್ಲಿ ಜೋಮು, ನಡಿಗೆಯಲ್ಲಿ ತೂರಾಟ ಉಂಟಾಗಬಹುದು. ಚಿಕಿತ್ಸೆಗೆ ಬಳಸುವ ಮೆಟ್ರೋನಿಡಜೋಲ್ ದೀರ್ಘಕಾಲ ಸೇವಿಸಿದರೂ ಜೋಮು ಬರುವುದುಂಟು. ಹಾಗೆಂದು ಪೋಷಕರು ತಾವಾಗಿಯೇ ಔಷಧ ನಿಲ್ಲಿಸಬಾರದು. ವೈದ್ಯರಿಗೆ ಕೂಡಲೇ ತಿಳಿಸಬೇಕು.

ಪೋಷಕರು ಮಾಡಬೇಕಾದ್ದು

ಪಾದಗಳ ಜೋಮನ್ನು ಮುಂದಿನ ತಪಾಸಣೆಯವರೆಗೆ ಮುಂದೂಡದೆ ತಿಳಿಸಿ. ಬಿ12 ಹಾಗೂ ಹಿಮೋಗ್ಲೋಬಿನ್ ಮಟ್ಟವನ್ನು ಕಾಲಕಾಲಕ್ಕೆ ಪರೀಕ್ಷಿಸಿ. ಹೊಸದಾಗಿ ಶುರುವಾದ ತೀವ್ರ ತಲೆನೋವು, ಅಪಸ್ಮಾರ, ಬಲಹೀನತೆ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಿ. ಅಂಬಲಪಾಡಿ, ಕಾಪು, ಕಾರ್ಕಳ ಪರಿಸರದವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಸಮೀಪದಲ್ಲಿದೆ. ಮಗುವಿಗೆ ಕರುಳಿನ ಕಾಯಿಲೆ ಇದೆಯೆಂದು ತುರ್ತು ವಿಭಾಗದಲ್ಲಿ ಮೊದಲೇ ಹೇಳಿ. ಆ ಒಂದು ಮಾಹಿತಿ ಸಕಾಲಿಕ ಪತ್ತೆಗೆ ದಾರಿಯಾದೀತು.